ಎಳೆಗೂಸಿಗೆ ಎಷ್ಟು ಮದ್ದು?

ವಿಷಮಶೀತ ಜ್ವರ, ಅಂದರೆ ಟೈಫಾಯಿಡ್, ಬಂದ ಮನೆಗಳಲ್ಲಿ ಒಂದು ಕಾಲಕ್ಕೆ ‘ಕ್ಲೋರೊಮೈಸೆಟಿನ್’ ಎಂಬ ಹೆಸರನ್ನು ದೇವರ ಹೆಸರಿನಷ್ಟೇ ಭಕ್ತಿಯಿಂದ ಹೇಳುತ್ತಿದ್ದರು. ವಾರಗಟ್ಟಲೆ ಹಾಸಿಗೆ ಹಿಡಿಸುತ್ತಿದ್ದ, ಬದುಕಿ ಉಳಿದವರ ತಲೆಗೂದಲನ್ನೂ ಉದುರಿಸಿ ಹೋಗುತ್ತಿದ್ದ ಜ್ವರ, ಈ ಕ್ಯಾಪ್ಸೂಲು ಹೊಟ್ಟೆಗೆ ಬಿದ್ದ ನಾಲ್ಕಾರು ದಿನಗಳಲ್ಲಿ ಇಳಿಯುತ್ತಿತ್ತು. ಇಂದಿನ ವಿದ್ಯಾರ್ಥಿಗಳಿಗೆ ಈ ಹೆಸರು ಹೊಸದಿರಬಹುದು. ಮನೆಯ ಹಿರಿಯರನ್ನು ಕೇಳಿದರೆ ನೆನಪು ಮಾಡಿಕೊಂಡಾರು.

ಅದರೊಳಗಿನ ಔಷಧಿಯ ಹೆಸರು ಕ್ಲೋರಾಂಫೆನಿಕಾಲ್. ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ 1947ರಲ್ಲಿ ಅದನ್ನು ಬೇರ್ಪಡಿಸಲಾಯಿತು. ಮರುವರ್ಷವೇ ಮಲಯದಲ್ಲಿ ಟೈಫಾಯಿಡ್ ರೋಗಿಗಳಿಗೆ ಕೊಟ್ಟು ನೋಡಿದಾಗ ವೈದ್ಯರು ಬೆರಗಾದರು. ಅದುವರೆಗೆ ಟೈಫಾಯಿಡ್‌ಗೆ ಮದ್ದೇ ಇರಲಿಲ್ಲ. 1949ರಲ್ಲಿ ಮಿಲ್‌ಡ್ರೆಡ್ ರೆಬ್‌ಸ್ಟಾಕ್ ಎಂಬ ಮಹಿಳಾ ರಸಾಯನ ವಿಜ್ಞಾನಿ ಮತ್ತು ಅವರ ಸಂಗಡಿಗರು ಇದನ್ನು ಸೂಕ್ಷ್ಮಜೀವಿಯ ಹಂಗಿಲ್ಲದೆ ಪ್ರಯೋಗಶಾಲೆಯಲ್ಲೇ ತಯಾರಿಸಿ ತೋರಿಸಿದರು. ಬೆಲೆ ಇಳಿಯಿತು, ಬಳಕೆ ಏರಿತು. ಹತ್ತಾರು ಬಗೆಯ ಬ್ಯಾಕ್ಟೀರಿಯಗಳನ್ನು ಒಂದೇ ಏಟಿಗೆ ಹೊಡೆಯಬಲ್ಲ ಪ್ರತಿಜೈವಿಕ ಔಷಧಿ, ಅಂದರೆ ಆ್ಯಂಟಿಬಯಾಟಿಕ್, ಕೈಯಲ್ಲಿರುವಾಗ ಅದನ್ನು ಯಾರಿಗೆ ತಾನೇ ಕೊಡಬಾರದು? ಆಗತಾನೆ ಹುಟ್ಟಿದ ಹಸುಳೆಗೂ ಅದು ಒಳ್ಳೆಯದನ್ನೇ ಮಾಡಬೇಕಲ್ಲವೇ?

1950ರ ದಶಕದಲ್ಲಿ ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲಿ ಎಲ್ಲರೂ ಹಾಗೆಯೇ ನಂಬಿದ್ದರು.

ಲಾಸ್ ಏಂಜಲೀಸ್‌ನ ನಾಲ್ಕು ಗುಂಪುಗಳು

ಗರ್ಭದಲ್ಲಿ ಮಗುವನ್ನು ಸುತ್ತುವರಿದ ನೀರಿನ ಚೀಲ ಸಾಮಾನ್ಯವಾಗಿ ಹೆರಿಗೆಯ ಹೊತ್ತಿಗೆ ಒಡೆಯುತ್ತದೆ. ಅದು ಮೊದಲೇ ಒಡೆದು, ಒಂದು ದಿನ ಕಳೆದರೂ ಹೆರಿಗೆಯಾಗದಿದ್ದರೆ ಹೊರಗಿನ ಬ್ಯಾಕ್ಟೀರಿಯಗಳು ಒಳಗೆ ಏರಿ ಮಗುವಿಗೆ ಸೋಂಕು ತಗಲುವ ಭಯವುಂಟು. ಮಗು ಅವಧಿಗೆ ಮೊದಲೇ ಹುಟ್ಟಿದ್ದರಂತೂ ಈ ಭಯ ಇನ್ನೂ ಹೆಚ್ಚು. ಲಾಸ್ ಏಂಜಲೀಸ್ ಕೌಂಟಿ ಆಸ್ಪತ್ರೆಯಲ್ಲಿ ಇಂಥ ಶಿಶುಗಳಿಗೆ ಸೋಂಕು ಕಾಣಿಸಿಕೊಳ್ಳುವ ಮೊದಲೇ, ಮುಂಜಾಗ್ರತೆಯಾಗಿ, ಪ್ರತಿಜೈವಿಕ ಔಷಧಿಗಳನ್ನು ಕೊಡುತ್ತಿದ್ದರು. ಕ್ಲೋರಾಂಫೆನಿಕಾಲ್ ಅವುಗಳಲ್ಲಿ ಒಂದು.

ಆದರೆ ಲೆಕ್ಕ ತಾಳೆಯಾಗಲಿಲ್ಲ. ಮದ್ದು ಪಡೆದ ಮಕ್ಕಳೇ ನಿರೀಕ್ಷೆ ಮೀರಿ ಸಾಯತೊಡಗಿದ್ದವು. ಸೋಂಕು ಅಷ್ಟು ತೀವ್ರವಾಗಿದ್ದಿರಬಹುದೇ, ಅಥವಾ ಬೇರೇನೋ ಕಾರಣವೇ? ಲಾರೆನ್ಸ್ ಬರ್ನ್ಸ್, ಜೋನ್ ಹಾಜ್‌ಮನ್ ಮತ್ತು ಅಲೊನ್ಸೊ ಕ್ಯಾಸ್ ಎಂಬ ಮೂವರು ವೈದ್ಯರು ಊಹೆಯಲ್ಲಿ ಕಾಲ ಕಳೆಯದೆ ಪರೀಕ್ಷೆ ಮಾಡಿ ನೋಡಲು ಮುಂದಾದರು. ಅವಧಿಗೆ ಮೊದಲೇ ಹುಟ್ಟಿದ, ನೀರಿನ ಚೀಲ ಒಡೆದು 24 ಗಂಟೆ ದಾಟಿದ ಮೇಲೆ ಜನಿಸಿದ ಶಿಶುಗಳನ್ನು ನಾಲ್ಕು ಗುಂಪುಗಳಾಗಿ ಮಾಡಿದರು. ಮೊದಲ ಗುಂಪಿಗೆ ಯಾವ ಪ್ರತಿಜೈವಿಕವೂ ಇಲ್ಲ. ಎರಡನೆಯದಕ್ಕೆ ಕ್ಲೋರಾಂಫೆನಿಕಾಲ್ ಮಾತ್ರ. ಮೂರನೆಯದಕ್ಕೆ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್. ನಾಲ್ಕನೆಯದಕ್ಕೆ ಮೂರೂ ಔಷಧಿಗಳು.

ಫಲಿತಾಂಶ 1959ರ ಕೊನೆಯಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಏನೂ ಕೊಡದ 32 ಶಿಶುಗಳಲ್ಲಿ 6 ತೀರಿಕೊಂಡಿದ್ದವು. ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಪಡೆದ 33ರಲ್ಲಿಯೂ 6. ಕ್ಲೋರಾಂಫೆನಿಕಾಲ್ ಮಾತ್ರ ಪಡೆದ 30ರಲ್ಲಿ 19. ಮೂರನ್ನೂ ಪಡೆದ 31ರಲ್ಲಿ 21.

ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದು ಇದನ್ನೊಮ್ಮೆ ಕೂಡಿ ನೋಡಬೇಕು. ಕ್ಲೋರಾಂಫೆನಿಕಾಲ್ ದೇಹ ಸೇರಿದ್ದು ಒಟ್ಟು 61 ಶಿಶುಗಳಿಗೆ. ಅವುಗಳಲ್ಲಿ 40 ಉಳಿಯಲಿಲ್ಲ. ಅದು ಸೇರದಿದ್ದ 65 ಶಿಶುಗಳಲ್ಲಿ ಹೋದವು 12. ಒಂದು ಕಡೆ ಮೂವರಲ್ಲಿ ಇಬ್ಬರು, ಇನ್ನೊಂದು ಕಡೆ ಐವರಲ್ಲಿ ಒಬ್ಬರು. ಗುಂಪುಗಳು ಚಿಕ್ಕವಾದರೂ ಇಷ್ಟು ದೊಡ್ಡ ಅಂತರವನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿರಲಿಲ್ಲ. ಜೊತೆಗೆ ಇನ್ನೊಂದು ಸಂಗತಿಯೂ ಹೊರಬಿತ್ತು: ಪೆನಿಸಿಲಿನ್ ಗುಂಪಿಗೂ ಏನೂ ಕೊಡದ ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ಮುಂಜಾಗ್ರತೆಯ ಮದ್ದಿನಲ್ಲಿ ಒಂದು ಕೊಲ್ಲುತ್ತಿತ್ತು. ಇನ್ನೊಂದರಿಂದ ಅಲ್ಲಿ ಲಾಭವೇನೂ ಕಾಣಲಿಲ್ಲ.

ಸತ್ತ ಶಿಶುಗಳ ಲಕ್ಷಣಗಳೂ ಒಂದೇ ತೆರನಾಗಿದ್ದವು. ಔಷಧಿ ಶುರುವಾದ ಮೂರು ನಾಲ್ಕು ದಿನ ಎಲ್ಲವೂ ಸರಿ. ಆಮೇಲೆ ಮಗು ಹಾಲು ಬೇಡವೆನ್ನುವುದು, ವಾಂತಿ, ಹೊಟ್ಟೆಯುಬ್ಬರ, ಏರುಪೇರಾದ ಉಸಿರು. ಮರುದಿನದ ಹೊತ್ತಿಗೆ ಕೈಕಾಲು ಸೋತು, ಮೈ ತಣ್ಣಗಾಗಿ, ಚರ್ಮ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಅದೇ ವರ್ಷ ಸಿನ್ಸಿನಾಟಿಯ ವೈದ್ಯ ಜೇಮ್ಸ್ ಸದರ್ಲೆಂಡ್ ಕೂಡ ಹೆಚ್ಚು ಪ್ರಮಾಣದಲ್ಲಿ ಕ್ಲೋರಾಂಫೆನಿಕಾಲ್ ಪಡೆದು ಹೀಗೆಯೇ ತೀರಿಕೊಂಡ ಮೂರು ಶಿಶುಗಳ ವಿವರ ಪ್ರಕಟಿಸಿದರು. ವೈದ್ಯಗ್ರಂಥಗಳಲ್ಲಿ ಇದಕ್ಕೆ ‘ಗ್ರೇ ಬೇಬಿ ಸಿಂಡ್ರೋಮ್’, ಬೂದು ಶಿಶು ಲಕ್ಷಣ, ಎಂಬ ಹೆಸರು ನಿಂತಿತು.

ಮೈಗೆ ಬೂದು ಬಣ್ಣ, ಹಾಲು ಕುಡಿಯದಿರುವುದು, ಮೈ ತಣ್ಣಗಾಗುವುದು. ಇವೆಲ್ಲ ಸೋಂಕು ಉಲ್ಬಣಿಸಿದಾಗಲೂ ಕಾಣುವ ಲಕ್ಷಣಗಳೇ! ಹಾಸಿಗೆಯ ಬಳಿ ನಿಂತ ವೈದ್ಯರಿಗೆ ‘ಸೋಂಕು ಮದ್ದಿಗೆ ಬಗ್ಗುತ್ತಿಲ್ಲ’ ಎನಿಸುವುದು ಸಹಜ. ಹಾಗೆನಿಸಿದಾಗ ಅದೇ ಮದ್ದನ್ನು ಇನ್ನಷ್ಟು ಕೊಡುವುದೂ ಸಹಜ. ಮದ್ದೇ ಇಲ್ಲದ ಒಂದು ಗುಂಪು ಪಕ್ಕದಲ್ಲಿರದಿದ್ದರೆ ಸತ್ಯ ಹೊರಬರುವುದು ಇನ್ನೆಷ್ಟು ವರ್ಷ ತಡವಾಗುತ್ತಿತ್ತೋ! ಎಳೆಯ ಮಕ್ಕಳನ್ನು ಮದ್ದಿಲ್ಲದೆ ಬಿಡುವುದು ಕ್ರೌರ್ಯವೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ಆ ನಾಲ್ಕು ಗುಂಪುಗಳಲ್ಲಿ ಹೆಚ್ಚು ಮದ್ದು ಪಡೆದದ್ದೇ ಹೆಚ್ಚು ಕಳೆದುಕೊಂಡಿತ್ತು.

ಯಕೃತ್ತಿನ ಎಳಸುತನ

ದೊಡ್ಡವರಿಗೆ ಅಮೃತವಾದದ್ದು ಶಿಶುವಿಗೆ ವಿಷವಾದದ್ದು ಹೇಗೆ? ಉತ್ತರ 1960ರಲ್ಲಿ ಸಿಕ್ಕಿತು.

ದೇಹಕ್ಕೆ ಹೋದ ಔಷಧಿ ಕೆಲಸ ಮುಗಿಸಿ ಹೊರಹೋಗಲೇಬೇಕು. ಕ್ಲೋರಾಂಫೆನಿಕಾಲನ್ನು ಹೊರದೂಡುವ ಕೆಲಸ ಯಕೃತ್ತಿನದು (ಲಿವರ್). ಅಲ್ಲಿರುವ ಒಂದು ಕಿಣ್ವ ಔಷಧಿಯ ಅಣುವಿಗೆ ಸಕ್ಕರೆಯ ಸಂಬಂಧಿಯಾದ ಗ್ಲುಕುರಾನಿಕ್ ಆಮ್ಲವನ್ನು ಅಂಟಿಸುತ್ತದೆ. ಆಗ ಅದು ನೀರಿನಲ್ಲಿ ಚೆನ್ನಾಗಿ ಕರಗಿ ಮೂತ್ರಪಿಂಡಗಳ ಮೂಲಕ ಹೊರಟುಹೋಗುತ್ತದೆ. ಊರಿಗೆ ಹೊರಟವರಿಗೆ ಟಿಕೆಟ್ಟು ಕೊಟ್ಟಂತೆ ಇದು. ನವಜಾತ ಶಿಶುವಿನ ಯಕೃತ್ತಿನಲ್ಲಿ ಟಿಕೆಟ್ಟು ಕೊಡುವ ಗುಮಾಸ್ತ ಇನ್ನೂ ಕೆಲಸಕ್ಕೆ ಸರಿಯಾಗಿ ಸೇರಿರುವುದಿಲ್ಲ. ಅವಧಿಗೆ ಮೊದಲು ಹುಟ್ಟಿದ ಶಿಶುವಿನಲ್ಲಂತೂ ಕೌಂಟರೇ ಅರ್ಧ ಮುಚ್ಚಿರುತ್ತದೆ. ಮೂತ್ರಪಿಂಡಗಳೂ ಎಳಸು. ಹುಟ್ಟಿದ ಎರಡು ಮೂರು ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮೈ ಹಳದಿಯಾಗುವುದನ್ನು ತಾಯಂದಿರು ನೋಡಿರುತ್ತಾರಲ್ಲ, ಅದಕ್ಕೂ ಒಂದು ಮುಖ್ಯ ಕಾರಣ ಇದೇ ಬಗೆಯ ಕಿಣ್ವದ ಕೊರತೆ. ಬಿಲಿರುಬಿನ್ ಎಂಬ ಹಳದಿ ವಸ್ತುವಿಗೂ ಹೊರಹೋಗಲು ಇಂಥದೇ ಟಿಕೆಟ್ಟು ಬೇಕು.

ರಕ್ತದಲ್ಲಿರುವ ಔಷಧಿ ಅರ್ಧಕ್ಕಿಳಿಯಲು ಬೇಕಾದ ಸಮಯಕ್ಕೆ ಅರ್ಧಾಯು ಎಂದು ಹೆಸರು. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಕ್ಲೋರಾಂಫೆನಿಕಾಲಿನ ಅರ್ಧಾಯು ಸುಮಾರು 4 ಗಂಟೆ. ಹುಟ್ಟಿ ಒಂದೆರಡು ದಿನವಾದ ಶಿಶುವಿನಲ್ಲಿ ಸುಮಾರು 26 ಗಂಟೆ! ಮೊದಲನೆಯದರಲ್ಲಿ ಒಂದು ದಿನಕ್ಕೆ ಆರು ಸಲ ಅರ್ಧವಾಗಿ 64ರಲ್ಲಿ ಒಂದು ಭಾಗವಷ್ಟೇ ಉಳಿಯುತ್ತದೆ. ಎರಡನೆಯದರಲ್ಲಿ ಇವತ್ತು ಕೊಟ್ಟದ್ದರ ಅರ್ಧಕ್ಕೂ ಮಿಕ್ಕಿ ನಾಳೆ ಹಾಗೆಯೇ ಉಳಿದಿರುತ್ತದೆ. ಸುಲಭಕ್ಕಾಗಿ ದಿನಕ್ಕೆ 100 ಪಾಲು ಕೊಟ್ಟರು, ಮರುದಿನಕ್ಕೆ ಸರಿಯಾಗಿ ಅರ್ಧ ಉಳಿಯಿತು ಎಂದಿಟ್ಟುಕೊಂಡರೂ ಎರಡನೆಯ ದಿನ 150, ಮೂರನೆಯ ದಿನ 175, ನಾಲ್ಕನೆಯ ದಿನ 187 ದಾಟುತ್ತದೆ. ಲಕ್ಷಣಗಳು ಮೂರು ನಾಲ್ಕು ದಿನ ತಡವಾಗಿ ಕಾಣಿಸಿಕೊಂಡ ಗುಟ್ಟು ಈ ಲೆಕ್ಕದಲ್ಲಿದೆ. ಸಾಲದ್ದಕ್ಕೆ ಲಾಸ್ ಏಂಜಲೀಸ್‌ನಲ್ಲಿ ಕೊಟ್ಟಿದ್ದ ಪ್ರಮಾಣವೂ ಹೆಚ್ಚಿನದೇ: ಶಿಶುವಿನ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 100ರಿಂದ 165 ಮಿಲಿಗ್ರಾಂ. ಆಮೇಲೆ ಅಂಥ ಶಿಶುಗಳಿಗೆ 25 ಮಿಲಿಗ್ರಾಂ ಮೀರಬಾರದೆಂದು ತಜ್ಞರು ಮಿತಿ ಹಾಕಿದರು.

ಉಳಿದುಹೋದ ಔಷಧಿ ಮಾಡುವುದೇನು? ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳ ಬಗ್ಗೆ ಪ್ರೌಢಶಾಲೆಯ ಮಕ್ಕಳು ಓದಿರುತ್ತಾರೆ. ಕೋಟ್ಯಂತರ ವರ್ಷಗಳ ಹಿಂದೆ ಇವು ಸ್ವತಂತ್ರ ಬ್ಯಾಕ್ಟೀರಿಯಗಳಾಗಿದ್ದು, ಮುಂದೆ ದೊಡ್ಡ ಜೀವಕೋಶಗಳೊಳಗೆ ಬಿಡಾರ ಹೂಡಿದವು ಎಂಬುದು ಇಂದು ವಿಜ್ಞಾನಿಗಳು ಒಪ್ಪಿರುವ ಮಾತು. ಆ ನೆಂಟಸ್ತಿಕೆಯೇ ಇಲ್ಲಿ ಮುಳುವಾಗುತ್ತದೆ. ಬ್ಯಾಕ್ಟೀರಿಯದೊಳಗೆ ಪ್ರೋಟೀನು ಹೆಣೆಯುವ ಯಂತ್ರವನ್ನು ಕ್ಲೋರಾಂಫೆನಿಕಾಲ್ ಕೆಡಿಸುತ್ತದೆ. ಅಂಥದೇ ಯಂತ್ರ ಮೈಟೊಕಾಂಡ್ರಿಯದಲ್ಲೂ ಇದೆ. ಔಷಧಿ ಮಿತಿಮೀರಿದಾಗ, ಬಿಡುವಿಲ್ಲದೆ ದುಡಿಯುವ ಹೃದಯದ ಸ್ನಾಯು ಶಕ್ತಿಯಿಲ್ಲದೆ ಸೋಲುತ್ತದೆ. ರಕ್ತ ಸಂಚಾರ ಕುಸಿಯುತ್ತದೆ. ಬೂದು ಬಣ್ಣ ಅದರ ಗುರುತು.

ದೊಡ್ಡವರ ಮಾತ್ರೆಯನ್ನು ಮುರಿದು ‘ಮಗುವಿಗೆ ಕಾಲು ಭಾಗ ಸಾಕು’ ಎನ್ನುವ ಲೆಕ್ಕ ಹಲವು ಮನೆಗಳಲ್ಲಿ ಈಗಲೂ ಇದೆ. ನವಜಾತ ಶಿಶು ದೊಡ್ಡವರ ಚಿಕ್ಕ ಪ್ರತಿಯಲ್ಲ. ಅದರ ಯಕೃತ್ತು, ಮೂತ್ರಪಿಂಡಗಳ ಕಾನೂನೇ ಬೇರೆ ಎಂಬುದನ್ನು ಆ ಲೆಕ್ಕ ಮರೆಯುತ್ತದೆ.

ಇದಕ್ಕೂ ಮೊದಲು ನ್ಯೂಯಾರ್ಕಿನಲ್ಲಿ ಇಂಥದೇ ಇನ್ನೊಂದು ಘಟನೆ ನಡೆದಿತ್ತು. ಅಲ್ಲಿನ ಬೇಬೀಸ್ ಹಾಸ್ಪಿಟಲ್‌ನಲ್ಲಿ ವಿಲಿಯಂ ಸಿಲ್ವರ್‌ಮನ್ ಎಂಬ ವೈದ್ಯರು, ಸೋಂಕು ತಡೆಯಲು ಅವಧಿಪೂರ್ವ ಶಿಶುಗಳಿಗೆ ವಾಡಿಕೆಯಾಗಿ ಕೊಡುತ್ತಿದ್ದ ಪೆನಿಸಿಲಿನ್ ಮತ್ತು ಸಲ್ಫಾ ಜೋಡಿಯನ್ನು ಹೊಸದೊಂದು ಔಷಧಿಯೊಡನೆ ಹೋಲಿಸಿ ನೋಡಿದರು. 1956ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಲ್ಫಾ ಪಡೆದ ಗುಂಪಿನಲ್ಲಿ ಸಾವು ಹೆಚ್ಚು. ಮರಣೋತ್ತರ ಪರೀಕ್ಷೆಯಲ್ಲಿ ಅವುಗಳ ಮಿದುಳಿನಲ್ಲಿ ಹಳದಿ ಕಲೆಗಳು ಕಂಡವು. ರಕ್ತದಲ್ಲಿರುವ ಬಿಲಿರುಬಿನ್, ಆಲ್ಬುಮಿನ್ ಎಂಬ ಪ್ರೋಟೀನಿನ ಮೇಲೆ ಕುಳಿತು ಸಾಗುತ್ತಿರುತ್ತದೆ. ಅಲ್ಲಿ ಇರುವವರೆಗೆ ಅಪಾಯವಿಲ್ಲ. ಸಲ್ಫಾ ಬಂದು, ತುಂಬಿದ ಬಸ್ಸಿನಲ್ಲಿ ಸೀಟು ಹಿಡಿದವರನ್ನು ಎಬ್ಬಿಸಿದಂತೆ, ಬಿಲಿರುಬಿನ್ ಅನ್ನು ಎಬ್ಬಿಸಿ ತಾನು ಕೂರುತ್ತದೆ. ಸೀಟು ತಪ್ಪಿದ ಬಿಲಿರುಬಿನ್ ಮಿದುಳಿಗೆ ಇಳಿಯುತ್ತದೆ. ಈ ಸೀಟಿನ ಜಗಳ ಹಳೆಯ ಕಥೆಯೇನಲ್ಲ. ಇಂದು ಆಸ್ಪತ್ರೆಗಳಲ್ಲಿ ಹೇರಳವಾಗಿ ಬಳಕೆಯಲ್ಲಿರುವ ಸೆಫ್‌ಟ್ರಿಯಾಕ್ಸೋನ್‌ಗೂ ಇದೇ ಗುಣವಿದೆ. ಕಾಮಾಲೆ ಹೆಚ್ಚಿರುವ ನವಜಾತ ಶಿಶುಗಳಿಗೆ, ವಿಶೇಷವಾಗಿ ಅವಧಿಪೂರ್ವ ಶಿಶುಗಳಿಗೆ, ಅದನ್ನು ಕೊಡಬಾರದೆಂಬ ಎಚ್ಚರಿಕೆ ಇರುವುದು ಅದಕ್ಕೇ.

ಕೊಡದಿದ್ದರೆ?

ಹಾಗಾದರೆ ಹಸುಳೆಗಳಿಗೆ ಪ್ರತಿಜೈವಿಕಗಳೇ ಬೇಡ ಎನ್ನೋಣವೇ? ಖಂಡಿತ ಅಲ್ಲ. ಹಾಗೆಂದು ಯಾರಾದರೂ ಅರ್ಥ ಮಾಡಿಕೊಂಡರೆ ದೊಡ್ಡ ಅನಾಹುತವಾದೀತು.

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 39 ಹಳ್ಳಿಗಳಲ್ಲಿ ಮಾಡಿ ತೋರಿಸಿದ ಕೆಲಸ ಲೋಕಪ್ರಸಿದ್ಧ. ಆಸ್ಪತ್ರೆ ಕೈಗೆಟುಕದ ಆ ಹಳ್ಳಿಗಳ ಹೆಂಗಸರಿಗೇ ತರಬೇತಿ ಕೊಟ್ಟು, ನವಜಾತ ಶಿಶುಗಳ ಸೋಂಕನ್ನು ಗುರುತಿಸಿ ಜೆಂಟಾಮೈಸಿನ್ ಚುಚ್ಚುಮದ್ದು ಮತ್ತು ಬಾಯಿಗೆ ಹಾಕುವ ಇನ್ನೊಂದು ಔಷಧಿ ಕೊಡುವುದನ್ನು ಕಲಿಸಿದರು. ಅದಕ್ಕೆ ಮೊದಲು ರಕ್ತನಂಜು ತಗಲಿದ 100 ಶಿಶುಗಳಲ್ಲಿ 16-17 ಸಾಯುತ್ತಿದ್ದವು. ಆಮೇಲೆ ಮೂರಕ್ಕೂ ಕಡಿಮೆ. ಬೆಚ್ಚಗಿಡುವುದು, ಹಾಲೂಡಿಸುವುದು, ಉಸಿರಾಟಕ್ಕೆ ನೆರವು ಇವೆಲ್ಲ ಸೇರಿ, ಒಂದು ಸಾವಿರ ಜನನಕ್ಕೆ 62 ಇದ್ದ ನವಜಾತ ಶಿಶು ಮರಣ ಮೂರೇ ವರ್ಷಗಳಲ್ಲಿ 25.5ಕ್ಕೆ ಇಳಿಯಿತು. 1999ರಲ್ಲಿ ಇದು ಪ್ರಕಟವಾದಾಗ ಜಗತ್ತಿನ ವೈದ್ಯರು ಗಮನವಿಟ್ಟು ಓದಿದರು.

ನವಜಾತ ಶಿಶುವಿಗೆ ಸೋಂಕು ರಕ್ತಕ್ಕೇರಿದರೆ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಅದಕ್ಕೆ ಬಾಯಿಲ್ಲ. ಜ್ವರವೂ ಬಾರದೆ ಹೋಗಬಹುದು. ಬದಲಿಗೆ ಮೈ ತಣ್ಣಗಾಗುವುದುಂಟು. ಮೊಲೆ ಚೀಪದಿರುವುದು, ಮಂಕಾಗಿ ಮಲಗಿಯೇ ಇರುವುದು, ಉಸಿರು ಜೋರಾಗುವುದು, ಎದೆ ಒಳಸೆಳೆಯುವುದು, ಸೆಳವು ಬರುವುದು, ಇಷ್ಟೇ ಸೂಚನೆ. ಇವುಗಳಲ್ಲಿ ಯಾವುದೇ ಒಂದು ಕಂಡರೂ ಮನೆಮದ್ದು, ದೃಷ್ಟಿ ತೆಗೆಯುವುದು ಎಂದು ಕೂರದೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ವೈದ್ಯರು ಸೋಂಕು ಖಚಿತವಾಗುವವರೆಗೆ ಕಾಯುವುದಿಲ್ಲ, ಕಾಯಲೂಬಾರದು. ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಜೋಡಿಯಿಂದ ಶುರು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪ್ರಮಾಣವನ್ನು ಶಿಶುವಿನ ತೂಕ ಮತ್ತು ವಯಸ್ಸು ನೋಡಿ ನಿರ್ಧರಿಸುತ್ತಾರೆ. ಜೆಂಟಾಮೈಸಿನ್ ಹೆಚ್ಚಾದರೆ ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು. ಆದ್ದರಿಂದ ಬಹಳ ಬೇಗ ಹುಟ್ಟಿದ ಶಿಶುಗಳಿಗೆ ಒಂದು ಚುಚ್ಚುಮದ್ದಿಗೂ ಇನ್ನೊಂದಕ್ಕೂ ನಡುವೆ 36 ಅಥವಾ 48 ಗಂಟೆ ಬಿಡುವುದೂ ಉಂಟು. ಬೂದು ಶಿಶುಗಳು ಕಲಿಸಿದ ಅರ್ಧಾಯುವಿನ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ.

ಶುರು ಮಾಡುವುದು ಸುಲಭ. ಕಷ್ಟವಿರುವುದು ನಿಲ್ಲಿಸುವುದರಲ್ಲಿ.

ಎರಡು ದಿನಗಳ ಸೀಸೆ

ಮೊದಲ ಚುಚ್ಚುಮದ್ದಿಗೆ ಮುನ್ನ ಶಿಶುವಿನಿಂದ ಸುಮಾರು ಒಂದು ಮಿಲಿಲೀಟರ್ ರಕ್ತ ತೆಗೆದು, ಬ್ಯಾಕ್ಟೀರಿಯಗಳಿಗೆ ಬೇಕಾದ ಆಹಾರವಿರುವ ಸೀಸೆಗೆ ಹಾಕುತ್ತಾರೆ. ಇದೇ ‘ಬ್ಲಡ್ ಕಲ್ಚರ್’. ಸೀಸೆಯನ್ನು ದೇಹದಷ್ಟೇ ಬೆಚ್ಚಗಿಡುವ ಯಂತ್ರ, ಬ್ಯಾಕ್ಟೀರಿಯಗಳು ಬೆಳೆದು ಹೊರಬಿಡುವ ಇಂಗಾಲದ ಡೈ ಆಕ್ಸೈಡನ್ನು ಸದಾ ಅಳೆಯುತ್ತಿರುತ್ತದೆ. ರಕ್ತದಲ್ಲಿ ರೋಗಾಣು ಇದ್ದರೆ ಹೆಚ್ಚಿನ ಪಾಲು 36ರಿಂದ 48 ಗಂಟೆಯೊಳಗೆ ಸುಳಿವು ಸಿಗುತ್ತದೆ. ಅಷ್ಟರೊಳಗೆ ಏನೂ ಬೆಳೆಯದೆ, ಮಗುವೂ ಲವಲವಿಕೆಯಿಂದ ಹಾಲು ಕುಡಿಯುತ್ತಿದ್ದರೆ ಔಷಧಿ ನಿಲ್ಲಿಸಬಹುದು. ಬ್ರಿಟನ್ನಿನ ಮತ್ತು ಅಮೆರಿಕದ ಶಿಶುವೈದ್ಯಕೀಯ ಮಾರ್ಗಸೂಚಿಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಕಾಗದದ ಮೇಲೆ ಇದು ಸರಳ. ಆದರೆ ಒಂದು ಕಿಲೋ ತೂಕದ ಮಗುವಿನಿಂದ ಒಂದು ಮಿಲಿಲೀಟರ್ ರಕ್ತ ಸಿಗುವುದೇ ಕಷ್ಟ. ಕಡಿಮೆ ರಕ್ತ ಹಾಕಿದರೆ ಸೀಸೆ ಸುಳ್ಳು ಹೇಳಬಹುದು. ಹಾಗಾಗಿ ವೈದ್ಯರಿಗೆ ಅಪನಂಬಿಕೆ. ‘ಕಲ್ಚರ್‌ನಲ್ಲಿ ಏನೂ ಬಂದಿಲ್ಲ, ಆದರೂ ಇನ್ನೂ ಐದು ದಿನ ಕೊಡೋಣ’ ಎನ್ನುವುದು ಇಲ್ಲಿಂದ ಹುಟ್ಟುತ್ತದೆ. ನಿಲ್ಲಿಸಿ ಮಗುವಿಗೆ ಏನಾದರೂ ಆದರೆ ದೂರುವವರಿದ್ದಾರೆ. ಐದು ದಿನ ಹೆಚ್ಚು ಕೊಟ್ಟರೆ ಯಾರೂ ದೂರುವುದಿಲ್ಲ. ‘ಡಾಕ್ಟ್ರೇ, ಸ್ವಲ್ಪ ಪವರ್‌ಫುಲ್ ಇಂಜೆಕ್ಷನ್ ಕೊಡಿ’ ಎಂದು ಒತ್ತಾಯಿಸುವ ಬಂಧುಗಳೂ ಇದಕ್ಕೆ ಪಾಲುದಾರರೇ.

ಈ ಅಭ್ಯಾಸ ಎಷ್ಟು ವ್ಯತ್ಯಾಸವಾಗಬಲ್ಲದು ಎಂಬುದಕ್ಕೆ ಕ್ಯಾಲಿಫೋರ್ನಿಯದ ಲೆಕ್ಕ ನೋಡಬೇಕು. ಅಲ್ಲಿನ 127 ನವಜಾತ ಶಿಶು ತೀವ್ರ ನಿಗಾ ಘಟಕಗಳಲ್ಲಿ 2013ರಲ್ಲಿ ಆರೈಕೆ ಪಡೆದ 52 ಸಾವಿರಕ್ಕೂ ಹೆಚ್ಚು ಶಿಶುಗಳ ದಾಖಲೆಗಳನ್ನು ಪರಿಶೀಲಿಸಲಾಯಿತು. ಶಿಶುಗಳು ಆಸ್ಪತ್ರೆಯಲ್ಲಿ ಕಳೆದ ದಿನಗಳಲ್ಲಿ ಪ್ರತಿಜೈವಿಕ ಪಡೆದ ದಿನಗಳೆಷ್ಟು? ಒಂದು ಘಟಕದಲ್ಲಿ ಶೇಕಡ 2.4, ಇನ್ನೊಂದರಲ್ಲಿ ಶೇಕಡ 97.1. ನಲವತ್ತು ಪಟ್ಟು ಅಂತರ! ಹೆಚ್ಚು ಕೊಟ್ಟಲ್ಲಿ ರುಜುವಾತಾದ ಸೋಂಕು ಹೆಚ್ಚಿತ್ತೇ? ಇಲ್ಲ. ಸಾವು ಕಡಿಮೆಯಿತ್ತೇ? ಅದೂ ಇಲ್ಲ. ಒಂದೇ ರಾಜ್ಯದಲ್ಲಿ ಮಗು ಯಾವ ಆಸ್ಪತ್ರೆಯಲ್ಲಿ ಮಲಗಿತ್ತು ಎಂಬುದರ ಮೇಲೆ ಮದ್ದು ನಿರ್ಧಾರವಾಗುತ್ತಿತ್ತೆನ್ನಬೇಕು.

ಅದೇ ಕ್ಯಾಲಿಫೋರ್ನಿಯದ ಉತ್ತರ ಭಾಗದ 14 ಆಸ್ಪತ್ರೆಗಳಲ್ಲಿ ಬೇರೆ ದಾರಿ ಹಿಡಿದರು. ತಾಯಿಯ ಜ್ವರ, ನೀರಿನ ಚೀಲ ಒಡೆದು ಕಳೆದ ಗಂಟೆಗಳು, ಮಗುವಿನ ಸ್ಥಿತಿ ಮುಂತಾದುವನ್ನು ಲೆಕ್ಕಕ್ಕೆ ಹಾಕಿ ಅಪಾಯವೆಷ್ಟು ಎಂದು ಅಂದಾಜು ಮಾಡುವ ಒಂದು ಗಣಿತಸೂತ್ರವನ್ನು ಬಳಸಿದರು. ಮೊದಲ 24 ಗಂಟೆಯಲ್ಲಿ ಪ್ರತಿಜೈವಿಕ ಪಡೆಯುವ ಶಿಶುಗಳು ಶೇಕಡ 5ರಿಂದ 2.6ಕ್ಕೆ ಇಳಿದವು. ಎರಡು ಲಕ್ಷಕ್ಕೂ ಹೆಚ್ಚು ಶಿಶುಗಳ ಈ ಅಧ್ಯಯನದಲ್ಲಿ, ಮದ್ದು ಕಡಿಮೆಯಾದದ್ದರಿಂದ ಮಕ್ಕಳಿಗೆ ಕೇಡಾದದ್ದು ಕಾಣಲಿಲ್ಲ. ಇವೆಲ್ಲ ಅವಧಿ ತುಂಬಿದ ಅಥವಾ ತುಂಬುವುದರಲ್ಲಿದ್ದ ಶಿಶುಗಳು ಎಂಬುದನ್ನು ಮಾತ್ರ ಮರೆಯಬಾರದು.

ಐದು ದಿನ ಹೆಚ್ಚು ಕೊಟ್ಟರೆ ನಷ್ಟವೇನು ಎಂದು ಕೇಳಬಹುದು. ಕ್ಲೋರಾಂಫೆನಿಕಾಲಿನಂತೆ ಎದ್ದು ಕಾಣುವ ವಿಷ ಈಗಿನ ಔಷಧಿಗಳಲ್ಲಿಲ್ಲ, ನಿಜ. ನಷ್ಟ ಸದ್ದಿಲ್ಲದೆ ಆಗುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ಕರುಳಿನಲ್ಲಿ ಬ್ಯಾಕ್ಟೀರಿಯಗಳ ಒಂದು ಊರೇ ನೆಲೆಗೊಳ್ಳುತ್ತಿರುತ್ತದೆ. ತಾಯಿಯ ಹಾಲಿನಲ್ಲಿರುವ ಕೆಲವು ಸಕ್ಕರೆಗಳನ್ನು ಮಗು ಜೀರ್ಣಿಸಿಕೊಳ್ಳಲಾರದು. ಅವು ಇರುವುದು ಈ ಒಳ್ಳೆಯ ಬ್ಯಾಕ್ಟೀರಿಯಗಳ ಊಟಕ್ಕೆ. ಪ್ರತಿಜೈವಿಕಕ್ಕೆ ಒಳ್ಳೆಯವು ಕೆಟ್ಟವು ಎಂಬ ಭೇದವಿಲ್ಲ. ಹೊಲದ ಕಳೆ ತೆಗೆಯಲು ಪೈರಿಗೂ ಬೆಂಕಿಯಿಟ್ಟಂತೆ ಎಲ್ಲವನ್ನೂ ಸುಟ್ಟು, ಔಷಧಿಗೆ ಬಗ್ಗದ ಭಂಡ ಬ್ಯಾಕ್ಟೀರಿಯಗಳಿಗೆ ನೆಲ ಹಸನು ಮಾಡಿಕೊಡುತ್ತದೆ. ಒಂದು ಕಿಲೋಗ್ರಾಮಿಗಿಂತ ಕಡಿಮೆ ತೂಕದ ಐದು ಸಾವಿರಕ್ಕೂ ಹೆಚ್ಚು ಶಿಶುಗಳ ದಾಖಲೆಗಳನ್ನು ಅಮೆರಿಕದಲ್ಲಿ ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೂ ಐದು ದಿನ ಅಥವಾ ಹೆಚ್ಚು ಔಷಧಿ ಪಡೆದವುಗಳಲ್ಲಿ ಕರುಳು ಕೊಳೆಯುವ ಮಾರಕ ರೋಗವೋ ಸಾವೋ ಹೆಚ್ಚಾಗಿ ಕಂಡಿತು. ಹೆಚ್ಚು ಕಾಯಿಲೆಯಾಗಿದ್ದ ಮಕ್ಕಳಿಗೇ ಹೆಚ್ಚು ದಿನ ಕೊಟ್ಟಿರಬಹುದು, ಆದ್ದರಿಂದ ಇದೊಂದರಿಂದಲೇ ಔಷಧಿಯನ್ನು ಅಪರಾಧಿಯೆನ್ನುವಂತಿಲ್ಲ. ಆದರೂ ‘ಕೊಟ್ಟರೆ ನಷ್ಟವೇನು’ ಎಂಬ ಮಾತನ್ನು ಮೊದಲಿನಷ್ಟು ಹಗುರವಾಗಿ ಆಡುವಂತಿಲ್ಲ.

ದೆಹಲಿಯ ಎಚ್ಚರಿಕೆ

ಭಂಡ ಬ್ಯಾಕ್ಟೀರಿಯಗಳ ಪೂರ್ಣ ರೂಪ ಕಂಡದ್ದು ನಮ್ಮ ದೇಶದಲ್ಲೇ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ತೀವ್ರ ನಿಗಾ ಘಟಕ ಸೇರಿದ 13,530 ಶಿಶುಗಳ ಅಧ್ಯಯನ 2016ರಲ್ಲಿ ಪ್ರಕಟವಾಯಿತು. 1,934 ಶಿಶುಗಳಿಗೆ ರಕ್ತನಂಜೆಂದು ತೀರ್ಮಾನಿಸಲಾಗಿತ್ತು; ಕಲ್ಚರ್‌ನಲ್ಲಿ ರುಜುವಾತಾದದ್ದು 840ರಲ್ಲಿ. ರಕ್ತನಂಜು ತಗಲಿದವುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಉಳಿಯಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯದಲ್ಲಿ ಶೇಕಡ 82 ಪಾಲು ಹಲವು ಔಷಧಿಗಳನ್ನು ಜೀರ್ಣಿಸಿಕೊಂಡಂಥವು. ಕ್ಲೆಬ್ಸಿಯೆಲ್ಲಾದಲ್ಲಿ ಶೇಕಡ 54. ಇವು ಮನೆಯಲ್ಲಿ ಅಂಟುವ ಜೀವಿಗಳಲ್ಲ, ಆಸ್ಪತ್ರೆಯ ಸಿಂಕು, ಕೊಳವೆ, ಕೈಗಳಲ್ಲಿ ಬೀಡುಬಿಟ್ಟವು. ಆದರೂ ಮೂರನೆಯ ಎರಡರಷ್ಟು ಪ್ರಕರಣಗಳು ಹುಟ್ಟಿದ ಮೊದಲ 72 ಗಂಟೆಗಳಲ್ಲೇ ಕಾಣಿಸಿಕೊಂಡಿದ್ದವು. ಮಗು ಕಣ್ಣು ಬಿಡುವಷ್ಟರಲ್ಲಿ ಇವು ಕಾದು ಕುಳಿತಿದ್ದವೆಂದಾಯಿತು. ಯಾವುದೋ ಮಗುವಿಗೆ ಬೇಡದಿದ್ದರೂ ಕೊಟ್ಟ ಐದು ದಿನಗಳ ಮದ್ದಿನ ದಂಡವನ್ನು ಪಕ್ಕದ ಹಾಸಿಗೆಯ ಮಗು ತೆರುವುದು ಹೀಗೆ.

ಮಗು ಆಸ್ಪತ್ರೆಯಲ್ಲಿರುವಾಗ ತಂದೆತಾಯಿ ಕೇಳಬಹುದಾದ ಪ್ರಶ್ನೆಗಳು ಒಂದೆರಡೇ: ಕಲ್ಚರ್‌ಗೆ ರಕ್ತ ಕಳಿಸಿದ್ದೀರಾ? ಎರಡು ದಿನದ ವರದಿ ಏನು ಹೇಳುತ್ತದೆ? ಮದ್ದು ಎಷ್ಟು ದಿನ, ಯಾಕೆ? ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸರು. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯ ಸಿಕ್ಕಿದ್ದರೆ, ಅಥವಾ ಮಗುವಿನ ಸ್ಥಿತಿ ಸುಧಾರಿಸಿರದಿದ್ದರೆ, ಹೇಳಿದಷ್ಟು ದಿನವೂ ಮದ್ದು ನಡೆಯಬೇಕು. ಖರ್ಚಿಗೆ ಹೆದರಿ ನಡುವೆಯೇ ಮಗುವನ್ನು ಮನೆಗೆ ಕರೆದೊಯ್ಯುವುದು ಅದನ್ನು ಕೈಯಾರೆ ಅಪಾಯಕ್ಕೆ ನೂಕಿದಂತೆ. ಇನ್ನು ಮುಟ್ಟುವ ಮೊದಲು ಕೈ ತೊಳೆಯುವುದು, ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲದೆ ಮಗುವಿಗೇ ಕೊಡುವುದು, ಜೇನು ನೆಕ್ಕಿಸದಿರುವುದು, ಇಷ್ಟಕ್ಕೆ ವೈದ್ಯರ ಚೀಟಿ ಬೇಕಿಲ್ಲ.

ಮದ್ದೇ ಅಲ್ಲದ ಮದ್ದೊಂದು ಕೊಲಂಬಿಯ ದೇಶದ ಬೊಗೊಟಾದಿಂದ ಬಂತು. 1970ರ ದಶಕದ ಕೊನೆಯಲ್ಲಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದಾದಾಗ, ಎಡ್ಗರ್ ರೇ ಎಂಬ ವೈದ್ಯರು ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ಇದೇ ಕಾಂಗರೂ ಆರೈಕೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ಸರ್ಕಾರಿ ಆಸ್ಪತ್ರೆಯಿಂದ ಮನೆಯವರೆಗೆ ಹಬ್ಬಿಸುವ ಬಗೆ ಹೇಗೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದ ಅಧ್ಯಯನ ನಡೆದಿದೆ. ಮಗುವಿನ ಸ್ಥಿತಿ ಸುಧಾರಿಸಿದ ಮೇಲಷ್ಟೇ ಹೀಗೆ ಮಾಡುವುದು ಅದುವರೆಗಿನ ಪದ್ಧತಿ. ಹುಟ್ಟಿದ ಕೂಡಲೇ ಶುರು ಮಾಡಿದರೆ? ಭಾರತ, ಘಾನಾ, ಮಲಾವಿ, ನೈಜೀರಿಯ, ತಾಂಜಾನಿಯಗಳ ಐದು ಆಸ್ಪತ್ರೆಗಳಲ್ಲಿ 1ರಿಂದ 1.8 ಕಿಲೋ ತೂಕದ 3,211 ಶಿಶುಗಳನ್ನು ಎರಡು ಗುಂಪು ಮಾಡಿ ನೋಡಿದರು. ಹಳೆಯ ಪದ್ಧತಿಯಲ್ಲಿ 28 ದಿನಗಳೊಳಗೆ ಶೇಕಡ 15.7 ಶಿಶುಗಳು ತೀರಿಕೊಂಡರೆ, ಹೊಸದರಲ್ಲಿ ಶೇಕಡ 12. ರಕ್ತನಂಜಿನ ಶಂಕೆಯೂ ಶೇಕಡ 27.8ರಿಂದ 22.9ಕ್ಕೆ ಇಳಿಯಿತು. ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ ಮೇಲ್ವಿಚಾರಣಾ ಸಮಿತಿ ಅಧ್ಯಯನವನ್ನು 2020ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿತು. ಇದಕ್ಕಾಗಿ ಆಸ್ಪತ್ರೆಗಳು ತಮ್ಮ ನಿಯಮವೊಂದನ್ನು ಬದಲಿಸಬೇಕಾಯಿತು. ಭಾರತದ ಕಡೆಯಿಂದ ಭಾಗವಹಿಸಿದ್ದ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಎಲ್ಲ ಕಡೆ, ಅದುವರೆಗೆ ಬಾಗಿಲಾಚೆ ಕಾಯುತ್ತಿದ್ದ ಬಾಣಂತಿಯರಿಗೆ ತೀವ್ರ ನಿಗಾ ಘಟಕದೊಳಗೆ, ಮಗುವಿನ ಪಕ್ಕದಲ್ಲೇ, ಮಂಚ ಹಾಕಿಕೊಟ್ಟರು.